ಕೀಲಿ ಹಾಕಿದ ಕಪಾಟು

ಮುಗಳಖೋಡಕ್ಕೆ ಮಹಾರಾಷ್ಟ್ರದ ಗಡಿ ದೂರವಲ್ಲ. ರಾಯಬಾಗ, ಅಥಣಿ, ಕಾಗವಾಡದ ಮಂದಿ ದವಾಖಾನೆಗೆ ಮೀರಜಕ್ಕೆ ಹೋಗುತ್ತಾರೆ, ಎರಡೂ ಭಾಷೆಯ ಪತ್ರಿಕೆ ಓದುತ್ತಾರೆ. ಇಂಥ ಸೀಮೆಯಲ್ಲಿ ಕೂತು ಪುಸ್ತಕ ಮುಟ್ಟುಗೋಲಿನ ಕಾನೂನು ಓದಿದರೆ ಒಂದು ಮಾತು ಚುಚ್ಚುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮು: ಒಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದರೆ ಸಾಕು, ಆ ಪುಸ್ತಕದ ಪ್ರತಿ ದೇಶದಲ್ಲಿ ಎಲ್ಲಿ ಸಿಕ್ಕರೂ ಪೊಲೀಸರು ಎತ್ತಿಕೊಂಡು ಹೋಗಬಹುದು. ಮುಂಬೈಯ ಆದೇಶಕ್ಕೆ ನಮ್ಮ ವಾಚನಾಲಯದ ಕಪಾಟೂ ಸಿಗುತ್ತದೆ.

ಅದರ ಮಗ್ಗುಲಲ್ಲೇ ಇನ್ನೊಂದು ಕಲಮಿದೆ. ಪುಸ್ತಕದಲ್ಲಿ ಹಿತಾಸಕ್ತಿ ಇರುವ ಯಾರೇ ಆಗಲಿ, ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಿ ಆದೇಶವನ್ನು ಪ್ರಶ್ನಿಸಬಹುದು. ನನ್ನ ತಕರಾರು ಇರುವುದು ಇಲ್ಲಿ. ಪುಸ್ತಕ ಕೊಂಡು, ನಂಬರು ಬರೆದು, ವರ್ಷಗಟ್ಟಲೆ ಕಾಪಾಡುವ ಗ್ರಂಥಾಲಯಕ್ಕಿಂತ ಹೆಚ್ಚಿನ ಹಿತಾಸಕ್ತಿ ಯಾರಿಗಿದೆ? ಆದರೂ ಈ ಬಾಗಿಲನ್ನು ಬಡಿದವರು ಬೇರೆಯವರು.

ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ವನ್ನು ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿದಾಗ ಸುಪ್ರೀಂ ಕೋರ್ಟಿನವರೆಗೆ ಹೋದವರ ಮುಂದೆ ಇದ್ದದ್ದು ಬರಗೂರು ರಾಮಚಂದ್ರಪ್ಪ, ಒಬ್ಬ ಲೇಖಕ. 2007ರಲ್ಲಿ ಅವರು ಸೋತರು. ಜೇಮ್ಸ್ ಲೇನ್ ಶಿವಾಜಿಯ ಮೇಲೆ ಬರೆದ ಪುಸ್ತಕದ ಕತೆ ನಮ್ಮ ಗಡಿಗೆ ಇನ್ನೂ ಹತ್ತಿರದ್ದು. ಅಲ್ಲಿ ಮೊದಲು ಮಣಿದದ್ದು ಸರ್ಕಾರವಲ್ಲ, ಕಂಪನಿ. 2003ರ ನವೆಂಬರಿನಲ್ಲೇ ಪ್ರಕಾಶಕರಾದ ಆಕ್ಸ್‌ಫರ್ಡ್‌ನವರು ಪುಸ್ತಕವನ್ನು ಭಾರತದಲ್ಲಿ ಹಿಂತೆಗೆದುಕೊಂಡರು. ಅಷ್ಟಕ್ಕೆ ಸಿಟ್ಟು ಇಳಿಯಲಿಲ್ಲ. 2004ರ ಜನವರಿ 5ರಂದು ಗುಂಪೊಂದು ಪುಣೆಯ ಭಂಡಾರಕರ ಸಂಸ್ಥೆಗೆ ನುಗ್ಗಿ ಪುಸ್ತಕ, ಹಸ್ತಪ್ರತಿಗಳನ್ನು ಹಾಳುಗೆಡವಿತು. ಅಲ್ಲಿಯ ವಿದ್ವಾಂಸರು ಲೇಖಕನಿಗೆ ನೆರವಾಗಿದ್ದರು ಎಂಬುದೇ ಕಾರಣ. ಆಮೇಲೆ ಸರ್ಕಾರದ ನಿಷೇಧ ಬಂತು. ಅದನ್ನು ಕೋರ್ಟಿನಲ್ಲಿ ಬೀಳಿಸಿದವರು ಒಬ್ಬ ವಕೀಲ, ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕ, ಒಬ್ಬ ಸಾಮಾಜಿಕ ಕಾರ್ಯಕರ್ತೆ. 2010ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಪೆಟ್ಟು ತಿಂದದ್ದು ಗ್ರಂಥಭಂಡಾರ, ಬಡಿದಾಡಿದವರು ಓದುಗರು.

ಹಾಗೆಂದು ಹಳ್ಳಿಯ ಗ್ರಂಥಾಲಯ ಮೇಲ್ವಿಚಾರಕನ ಮೇಲೆ ಹೊರೆ ಹೊರಿಸಲು ನನಗೆ ಮನಸ್ಸಿಲ್ಲ. ದಶಕಗಟ್ಟಲೆ ಗೌರವಧನದಲ್ಲೇ ದುಡಿದವರು ಅವರು. ಯಾವ ಪುಸ್ತಕ ಬರಬೇಕೆಂಬುದನ್ನು ಬೆಂಗಳೂರಿನ ಆಯ್ಕೆ ಸಮಿತಿ, ಸಗಟು ಖರೀದಿ ತೀರ್ಮಾನಿಸುತ್ತವೆ. ಬಂದ ಪುಸ್ತಕ ಕಳೆದುಹೋದರೆ ಮಾತ್ರ ಉತ್ತರ ಕೊಡಬೇಕಾದವರು ಇವರೇ. ಹಾಗಾಗಿ ಕಪಾಟಿಗೆ ಕೀಲಿ ಬೀಳುತ್ತದೆ. ಮೇಜಿನ ಮೇಲೆ ಪತ್ರಿಕೆ, ಪೊಲೀಸ್ ಭರ್ತಿ ಪರೀಕ್ಷೆಯ ಗೈಡು. ಗಾಜಿನ ಹಿಂದೆ ಕಾದಂಬರಿ, ಇತಿಹಾಸ. ಯಾವ ಸರ್ಕಾರವೂ ನಿಷೇಧಿಸದ ಸಾವಿರ ಪುಸ್ತಕಗಳು ಹೀಗೆ ಓದುಗನಿಗೆ ಇಲ್ಲವಾಗುತ್ತವೆ. ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದದ್ದೇ ಕಾಯುವುದಕ್ಕಿಂತ ಬಳಕೆ ದೊಡ್ಡದೆಂದು ತೋರಿಸಲು. ಗ್ರಂಥಾಲಯ ಶಾಸ್ತ್ರದ ಪರೀಕ್ಷೆಗೆ ಆ ಸೂತ್ರಗಳನ್ನು ಬಾಯಿಪಾಠ ಮಾಡಿದೆವು, ಕೀಲಿಯನ್ನು ಹಾಗೇ ಬಿಟ್ಟೆವು.

ಅಮೆರಿಕದ ಗ್ರಂಥಪಾಲಕರು 1939ರಲ್ಲೇ ತಮ್ಮ ಸಂಘದಿಂದ ಓದುಗರ ಹಕ್ಕಿನ ಘೋಷಣೆ ಹೊರಡಿಸಿದರು. 2005ರಲ್ಲಿ ಕನೆಕ್ಟಿಕಟ್‌ನ ನಾಲ್ವರು, ಗ್ರಂಥಾಲಯದ ಕಂಪ್ಯೂಟರ್ ಬಳಸಿದವರ ವಿವರ ಕೇಳಿದ ಎಫ್‌ಬಿಐಗೆ ಕೊಡಲಿಲ್ಲ, ಬಾಯಿ ಬಿಡಬಾರದೆಂಬ ಆದೇಶವನ್ನೂ ಕೋರ್ಟಿಗೆ ಎಳೆದರು. ಅವರ ಧೈರ್ಯ ದೊಡ್ಡದು, ಬೆನ್ನ ಹಿಂದೆ ವಕೀಲರಿದ್ದರೆಂಬುದೂ ನಿಜ. ನಮ್ಮಲ್ಲಿ ಒಂಟಿ ಮೇಲ್ವಿಚಾರಕನ ಬೆನ್ನಿಗೆ ಯಾರು ನಿಲ್ಲುತ್ತಾರೆ? ಗ್ರಂಥಾಲಯ ಸಂಘಗಳು, ವಿಶ್ವವಿದ್ಯಾಲಯದ ವಿಭಾಗಗಳು ನಿಲ್ಲಬೇಕು. ಸೋಲು ಅವುಗಳದ್ದು.

ಪುಸ್ತಕ ಪರದೆಗೆ ಬಂದ ಮೇಲೆ ಅಪಾಯ ಇನ್ನೂ ಮೆತ್ತಗಾಗಿದೆ. 2009ರಲ್ಲಿ ಅಮೆಜಾನ್, ಹಕ್ಕಿನ ತಕರಾರಿನ ನೆಪದಲ್ಲಿ, ಆರ್ವೆಲ್‌ನ ‘1984’ನ್ನು ದುಡ್ಡು ಕೊಟ್ಟು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿತು. ದುಡ್ಡು ವಾಪಸು ಬಂತು, ಪುಸ್ತಕ ಹೋಯಿತು. ಕಪಾಟಿನ ಪ್ರತಿಗಾದರೆ ಪೊಲೀಸರು ಊರಿಗೆ ಬರಬೇಕು, ನಾಲ್ಕು ಜನ ನೋಡುತ್ತಾರೆ. ಪರದೆಯ ಪ್ರತಿ ಹೋದದ್ದು ಯಾರಿಗೂ ಕಾಣುವುದಿಲ್ಲ. ಡಿಜಿಟಲ್ ಗ್ರಂಥಾಲಯವೆಂದು ಸಂಭ್ರಮಿಸುವವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಲ್ಲ.

ಯಲ್ಲಾಲಿಂಗರ ಮಠವಿರುವ ನಮ್ಮೂರಲ್ಲಿ ವಚನ ಜನರ ನಾಲಿಗೆಯ ಮೇಲಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತ ತೆಗೆದು ಲಿಂಗದೇವ ಎಂದು ಇಟ್ಟರು. ನನಗದು ಒಪ್ಪಿಗೆಯಿಲ್ಲ, ಬಸವಣ್ಣನ ಮಾತಿಗೆ ಕೈ ಹಾಕುವ ಅಧಿಕಾರ ಯಾರಿಗೂ ಇಲ್ಲ. ಆದರೆ 1998ರಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿದ್ದು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ನನ್ನ ವಾದವನ್ನೇ ಬಡವಾಗಿಸಿತು. ಹಳೆಯ ಪಾಠ, ತಿದ್ದಿದ ಪಾಠ ಎರಡನ್ನೂ ಪಕ್ಕಪಕ್ಕ ಇಟ್ಟು ತಪ್ಪು ಎಲ್ಲಿದೆ ಎಂದು ಹುಡುಗರಿಗೆ ತೋರಿಸಲು ಈಗ ಪ್ರತಿ ಇಲ್ಲ.

ಆದೇಶ ಮೀರಿ ಪುಸ್ತಕ ಬಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ಹೋದರೂ ದಾಖಲಾತಿ ಪುಸ್ತಕದ ಸಾಲನ್ನು ಹೊಡೆದು ಹಾಕಬೇಡಿ. ಹೆಸರು, ಲೇಖಕರು, ಮುಟ್ಟುಗೋಲು ಹಾಕಿದ ಸರ್ಕಾರ, ಆದೇಶದ ತಾರೀಖು ಅಲ್ಲಿರಲಿ. ಎಂದಾದರೂ ಒಬ್ಬ ಹುಡುಗಿ ಆ ಸಾಲಿನ ಮೇಲೆ ಬೆರಳಿಟ್ಟು, ‘ಸರ್, ಇದ್ಯಾಕ ಇಲ್ರೀ?’ ಎಂದು ಕೇಳಿಯಾಳು.