ಉಪ್ಪು ಕಡಿಮಿ ಮಾಡ್ರಿ ಅಂದ್ರ ಎಷ್ಟ್ರೀ?

ಸಿಂದಗಿಯ ಸರ್ಕಾರಿ ದವಾಖಾನೆ ಇರಲಿ, ಬೆಂಗಳೂರಿನ ಕ್ಲಿನಿಕ್ ಇರಲಿ, ಬಿಪಿ, ಶುಗರ್ ಇದ್ದವರಿಗೆ ಗುಳಿಗೆ ಜೊತೆ ಎರಡು ಮಾತು ಪುಕ್ಕಟೆ ಸಿಗುತ್ತವೆ: 'ಉಪ್ಪು ಕಡಿಮಿ ಮಾಡ್ರಿ, ವಾಕಿಂಗ್ ಮಾಡ್ರಿ.' ಎರಡೂ ಖರೆ. ಆದರೆ ಮನೆಗೆ ಹೋದವರು ನಾಳೆ ಬೆಳಿಗ್ಗೆ ಏನು ಮಾಡಬೇಕು ಅನ್ನೋದು ಎರಡರಲ್ಲೂ ಇಲ್ಲ. ನಮ್ಮ ಆಫೀಸಿನಲ್ಲಿ ಯಾರಾದರೂ 'ಆ್ಯಪ್ ಫಾಸ್ಟ್ ಮಾಡಿ' ಅಂತ ಟಿಕೆಟ್ ಹಾಕಿದರೆ ವಾಪಸ್ ಕಳಿಸ್ತೀವಿ. ಯಾವ ಸ್ಕ್ರೀನು, ಎಷ್ಟು ಸೆಕೆಂಡು, ಯಾವಾಗಿನೊಳಗೆ?

ಸರ್ಕಾರದ ವ್ಯವಸ್ಥೆಯಲ್ಲಿ ಅಳತೆಗೇನೂ ಕೊರತೆ ಇಲ್ಲ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ಒಂದು ಫಾರ್ಮ್ ತುಂಬುತ್ತಾರೆ. ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷ ವ್ಯಾಯಾಮ ಉಂಟೋ ಇಲ್ಲೋ, ಎಲ್ಲಕ್ಕೂ ಅಂಕ. ಒಟ್ಟು 4 ದಾಟಿದರೆ ತಪಾಸಣೆಗೆ ಆದ್ಯತೆ. ರೋಗ ಹುಡುಕಲು ಇದು ಒಳ್ಳೆಯ ಸಾಧನ. ಆದರೆ 'ನೀವು ಯಾವುದನ್ನ ಬದಲು ಮಾಡ್ತೀರಿ?' ಅನ್ನುವ ಕಾಲಂ ಬೇರೆ ಬೇಕು. ಅದನ್ನು ಎಲ್ಲೂ ಬರೆಯದಿದ್ದರೆ ಮುಂದಿನ ತಿಂಗಳು ಏನಂತ ಕೇಳೋದು?

ಗುರಿ ಇಡುವುದಕ್ಕೆ 'ಸ್ಮಾರ್ಟ್' ಸೂತ್ರ ನಮಗೆಲ್ಲ ಬಾಯಿಪಾಠ. 1981ರಲ್ಲಿ ಜಾರ್ಜ್ ಡೊರಾನ್ ಅದನ್ನು ಬರೆದದ್ದು ಮ್ಯಾನೇಜರ್‌ಗಳಿಗಾಗಿ. ಅದರ ಒಂದು ಅಕ್ಷರದ ಅರ್ಥವೇ 'ಕೆಲಸ ಯಾರಿಗೆ ವಹಿಸಬೇಕು' ಅಂತ. ದವಾಖಾನೆಯಲ್ಲಿ ತಪ್ಪುವುದು ಇಲ್ಲೇ. ವಹಿಸಿದ ಗುರಿ ಡಾಕ್ಟರದ್ದು, ಒಪ್ಪಿದ ಗುರಿ ಪೇಶಂಟಿನದು.

ಮುದ್ದೇಬಿಹಾಳದ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವ ಹೆಣ್ಣುಮಗಳಿಗೆ ವಾಕಿಂಗ್ ಹೇಳುವುದು ಚೇಷ್ಟೆ ಮಾಡಿದಂಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಆದರೆ ಇಡೀ ಮನೆಯ ಪಲ್ಯ ಒಂದೇ ಪಾತ್ರೆಯಲ್ಲಿ ಕುದಿಯುವಾಗ ತನ್ನ ಪಾಲಿನ ಗ್ರಾಂ ಆಕೆ ಹೆಂಗ ತೂಗಬೇಕು? 'ರೊಟ್ಟಿ ಜೋಡಿ ಉಪ್ಪಿನಕಾಯಿ ವಾರದಾಗ ಎರಡೇ ದಿನ, ಉಳಿದ ದಿನ ಇಂಡಿ ನಿಂಬಿಹಣ್ಣು ಹಿಂಡ್ಕೋತೀನಿ, ಮುಂದಿನ ಅಮಾಸಿ ತನಕ ನೋಡೋಣ' ಅಂತ ಆಕೆಯೇ ಅಂದರೆ, ಅದು ಗುರಿ. ಬಸವನ ಬಾಗೇವಾಡಿಯಲ್ಲಿ ಗಲ್ಲಾ ಮೇಲೆ ಕೂತ ಅಂಗಡಿಯವರಿಗೆ ಆರು ಕಪ್ ಚಹಾ ಮೂರಕ್ಕೆ ಇಳಿಸುವುದು ಗುರಿಯಾಗಬಹುದು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರಿಗೆ, ಗುಳಿಗೆ ಗಂಟಿನಲ್ಲಿ ಕಟ್ಟಿಕೊಂಡು ಒಂದು ದಿನವೂ ತಪ್ಪಿಸದಿರುವುದೇ ಮೊದಲ ಗುರಿ.

ಹೊರಗೆ ಪಾಳಿ ಹಚ್ಚಿರುವಾಗ ಡಾಕ್ಟರಿಗೆ ಇಷ್ಟೆಲ್ಲ ಮಾತಾಡಲು ಪುರಸೊತ್ತು ಎಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೋ ನರ್ಸೋ ಚೀಟಿಯ ಹಿಂದೆ ಒಂದು ಸಾಲು ಬರೆದು, ತಿಂಗಳ ಗುಳಿಗೆಗೆ ಬಂದಾಗ ಅದನ್ನೇ ಓದಿ ಕೇಳಿದರೆ ಸಾಕು. ಆಗಿಲ್ಲ ಅಂದರೆ ಬೈಯುವುದಲ್ಲ, ಗುರಿ ಸಣ್ಣದು ಮಾಡುವುದು. ಬೈಸಿಕೊಂಡವರು ಮುಂದಿನ ತಿಂಗಳು ಬರೋದೇ ಬಿಡ್ತಾರೆ. ಉಪ್ಪಿನ ಮಾತು ಹಾಳಾಗಲಿ, ಗುಳಿಗೆಯೂ ನಿಲ್ಲುತ್ತೆ. ಬಿಪಿಗೆ ನೋವಿಲ್ಲ, ಎಷ್ಟೋ ಮನೆಗಳಲ್ಲಿ ಅದು ತಿಳಿಯೋದು ದುಡಿಯುವವರಿಗೆ ಲಕ್ವಾ ಹೊಡೆದ ದಿನ.

ಊರಿನ ಅಪ್ಪನಿಗೆ ಸ್ಮಾರ್ಟ್‌ವಾಚ್ ಕಳಿಸಿ 10,000 ಹೆಜ್ಜೆ ಸೆಟ್ ಮಾಡುವ ಗೆಳೆಯರಿಗೂ ಇದೇ ಮಾತು. ಆ ಸಂಖ್ಯೆ 1965ರ ಒಂದು ಜಪಾನಿ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ಅಪ್ಪನ ಮೊಣಕಾಲು ನೋಡಿ ಇಟ್ಟದ್ದಲ್ಲ. ಈ ಭಾನುವಾರ ಫೋನ್ ಮಾಡಿದಾಗ ಉಪದೇಶ ಬಿಟ್ಟು, 'ಅಪ್ಪಾ, ಯಾವುದೊಂದು ನಿಮಗ ಆಗ್ತದ?' ಅಂತ ಕೇಳ್ರಿ. ಅವರು ಹೇಳಿದ್ದನ್ನ ಬರೆದಿಟ್ಟುಕೊಳ್ರಿ. ಮುಂದಿನ ಭಾನುವಾರ ಅದನ್ನಷ್ಟೇ ಕೇಳ್ರಿ.