ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು

ಕಾರ್ಬುರೇಟರ್ ಕಾಲದ ಮಾರುತಿ ಜಿಪ್ಸಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಕ್ಯಾಮ್‌ಶಾಫ್ಟ್ ಅದರ ತೋಳನ್ನು ಒತ್ತಿದಂತೆಲ್ಲ ಒಳಗಿನ ಡಯಾಫ್ರಂ ಆಡಿ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಎಂಜಿನ್ ನಿಂತಿತೋ, ಪಂಪೂ ನಿಂತಿತು. ಅದೇ ಗಾಡಿಗೆ ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್ ಕೂರಿಸಿದರೆ ಟ್ಯಾಂಕಿನ ಕಡೆ ಎಲೆಕ್ಟ್ರಿಕ್ ಪಂಪು ಬರುತ್ತದೆ. ಪೈಪಿನೊಳಗಿನ ಒತ್ತಡ ಮೂರ್ನಾಲ್ಕು ಪಿಎಸ್‌ಐಯಿಂದ ನಲವತ್ತರ ಆಸುಪಾಸಿಗೆ ಏರುತ್ತದೆ. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಈ ಪಂಪಿಗೆ ತಿಳಿಯದು. ಕರೆಂಟ್ ಇರುವಷ್ಟು ಹೊತ್ತೂ ತಳ್ಳುತ್ತಲೇ ಇರುತ್ತದೆ. ಸಕಲೇಶಪುರದ ಕಡೆಯ ಯಾವುದೋ ಇಳಿಜಾರಿನಲ್ಲಿ ಗಾಡಿ ಮಗುಚಿ, ಪೈಪು ಕಿತ್ತುಬಂದು, ಕೀ ಆನ್ ಆಗಿಯೇ ಉಳಿದರೆ ಟ್ಯಾಂಕಿನಲ್ಲಿದ್ದದ್ದೆಲ್ಲ ಬಿಸಿ ಎಂಜಿನ್ನಿನ ಮೇಲೆ ಸುರಿಯಬಹುದು. ಪಂಪು ಓಡಿಸಲು ಎರಡು ವೈರು ಸಾಕು. ಅದು ತಾನಾಗಿ ನಿಲ್ಲುವಂತೆ ಮಾಡುವುದರಲ್ಲೇ ಕಸುಬು ಇರುವುದು.

ಬ್ಯಾಟರಿಯಿಂದ ಶುರು ಮಾಡುವುದು ಸರಿಯಾದ ಕ್ರಮ. ಪಂಪಿಗೆ ಹೋಗುವ ವೈರು ಬ್ಯಾಟರಿಯ ಪ್ಲಸ್ ಬಿಟ್ಟ ಕೂಡಲೇ ಫ್ಯೂಸ್ ಸಿಗಬೇಕು. ಫ್ಯೂಸ್ ಕಾಯುವುದು ಮುಖ್ಯವಾಗಿ ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಉಳಿದ ಪ್ರತಿ ಗೇಣು ವೈರೂ ಕಾವಲಿಲ್ಲದ್ದು. ಹತ್ತು ಆಂಪಿಯರ್ ಎಳೆಯುವ ಪಂಪಿಗೆ 15 ಆಂಪಿಯರ್ ಫ್ಯೂಸ್ ಹಾಕುವುದು ವಾಡಿಕೆ. ಅದು ಪದೇ ಪದೇ ಸುಟ್ಟರೆ 30 ಆಂಪಿಯರಿನದು ತುರುಕುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಫ್ಯೂಸ್ ಆದಮೇಲೆ ರಿಲೇ. ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟುಗಳು ಪಂಪಿನ ಹೆಚ್ಚುವರಿ ಭಾರಕ್ಕೆ ಮಾಡಿದವಲ್ಲ. ಮಾಮೂಲಿ ರಿಲೇಯ ತಳದಲ್ಲಿ 30, 87, 85, 86 ಎಂದು ಅಚ್ಚಾಗಿರುತ್ತದೆ. ಫ್ಯೂಸಿನಿಂದ ಬಂದ ವೈರು 30ಕ್ಕೆ, ಪಂಪಿನದು 87ಕ್ಕೆ. 85 ಮತ್ತು 86ರ ನಡುವೆ ಕಾಯಿಲ್. ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಐದನೇ ಒಂದು ಭಾಗದಷ್ಟು ಮಾತ್ರ, ಆದ್ದರಿಂದ ಅದರ ಹತೋಟಿಯನ್ನು ಸಣ್ಣ ಸ್ವಿಚ್ಚಿಗೂ ಒಪ್ಪಿಸಬಹುದು. ಒಳಗೆ ಡಯೋಡ್ ಇರುವ ರಿಲೇಯಾದರೆ 86ಕ್ಕೆ ಪ್ಲಸ್, 85ಕ್ಕೆ ಮೈನಸ್. ಅದಲುಬದಲಾದರೆ ಡಯೋಡ್ ಶಾರ್ಟ್ ಆಗುತ್ತದೆ.

ಆ ಕಾಯಿಲನ್ನು ಯಾರು ಎಳೆಯಬೇಕು ಎಂಬುದೇ ಮುಖ್ಯ ಪ್ರಶ್ನೆ. ಎಂಪಿಎಫ್‌ಐ ಎಂಜಿನ್ ತನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಸಮೇತ ಬಂದಿದ್ದರೆ ಉತ್ತರ ಸಲೀಸು. ಕೀ ತಿರುಗಿಸಿದಾಗ ಇಸಿಯು ಪಂಪನ್ನು ಸುಮಾರು ಎರಡು ಸೆಕೆಂಡ್ ಓಡಿಸಿ ಪೈಪಿನಲ್ಲಿ ಒತ್ತಡ ತುಂಬುತ್ತದೆ. ಎಂಜಿನ್ ತಿರುಗುವ ಸಿಗ್ನಲ್ ಬಾರದಿದ್ದರೆ ನಿಲ್ಲಿಸುತ್ತದೆ. ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಇದೇ ಕೆಲಸವನ್ನು ಗಾಳಿ ಅಳೆಯುವ ಕದ ಮಾಡುತ್ತಿತ್ತು: ಎಂಜಿನ್ ಗಾಳಿ ಎಳೆದು ಕದ ಸರಿದರೆ ಮಾತ್ರ ಪಂಪಿನ ಕಾಂಟ್ಯಾಕ್ಟ್ ಕೂಡುತ್ತಿತ್ತು. ಇಂಥ ಕಾವಲು ಕೈಯಲ್ಲೇ ಇರುವಾಗ, ವೈರು ಹುಡುಕುವ ತ್ರಾಸಕ್ಕೆ ಬೇಸತ್ತು ಕಾಯಿಲನ್ನು ನೇರ ಕೀಗೆ ಜೋಡಿಸಿಬಿಡುವ ರೂಢಿ ನಿಜಕ್ಕೂ ಖೇದದ ಸಂಗತಿ.

ಕಾರ್ಬುರೇಟರ್ ಉಳಿಸಿಕೊಂಡು ಪಂಪು ಮಾತ್ರ ಬದಲಿಸಿದವರಿಗೆ ಆಯಿಲ್ ಪ್ರೆಶರ್ ಸ್ವಿಚ್ ಒಂದು ದಾರಿ. 1971ರ ಮಾದರಿಯ ಶೆವ್ರೊಲೆ ವೆಗಾ ಇದನ್ನೇ ಹಿಡಿದಿತ್ತು. ಆಯಿಲ್ ಒತ್ತಡ ಇದ್ದರೆ ಪಂಪಿಗೆ ಕರೆಂಟ್. ಸ್ಟಾರ್ಟ್ ಮಾಡುವಾಗ ಒತ್ತಡ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಅಷ್ಟು ಹೊತ್ತು ಸೆಲ್ಫ್ ಮೋಟರಿನ ವೈರಿನಿಂದ ಕರೆಂಟ್. ಇಲ್ಲೊಂದು ಗುಪ್ತ ಅಪಾಯವಿದೆ. ಎರಡೂ ವೈರುಗಳನ್ನು ಸುಮ್ಮನೆ ಒಟ್ಟಿಗೆ ಹೊಸೆದರೆ, ಎಂಜಿನ್ ಶುರುವಾದ ಮೇಲೆ ಪಂಪಿನ ಕರೆಂಟು ಹಿಮ್ಮುಖವಾಗಿ ಸೆಲ್ಫಿನ ಸೊಲೆನಾಯ್ಡಿಗೆ ಹರಿದು, ಓಡುವ ಎಂಜಿನ್ನಿಗೆ ಸೆಲ್ಫ್ ಕಚ್ಚಿಕೊಂಡೇ ಇರುವ ಸಾಧ್ಯತೆ ಉಂಟು. ಮೂರು ಟರ್ಮಿನಲ್ಲಿನ ಬದಲಾವಣೆ ಸ್ವಿಚ್ಚಾಗಲಿ, ನಡುವೆ ಒಂದು ಡಯೋಡ್ ಆಗಲಿ ಬೇಕೇ ಬೇಕು. ಇಗ್ನಿಷನ್ ಕಾಯಿಲಿನ ಮಿಡಿತ ಗಮನಿಸಿ, ಅದು ನಿಂತ ಕೂಡಲೇ ಪಂಪು ಕಡಿಯುವ ರಿಲೇಗಳೂ ಸಿಗುತ್ತವೆ. ಆಯಿಲ್ ಒತ್ತಡ ಇಳಿಯುವ ತನಕ ಕಾಯಬೇಕಿಲ್ಲವಾದ್ದರಿಂದ ಅವೇ ಮೇಲು.

ಇವುಗಳ ಮೇಲೆ ಇನರ್ಷಿಯಾ ಸ್ವಿಚ್ ಎರಡನೇ ಕಾವಲು. ಫೋರ್ಡ್ ಕಾರುಗಳಲ್ಲಿ ಬರುತ್ತಿದ್ದ ಇದರೊಳಗೆ ಬಟ್ಟಲಿನಂಥ ಕುಳಿಯಲ್ಲಿ ಉಕ್ಕಿನ ಗುಂಡೊಂದನ್ನು ಅಯಸ್ಕಾಂತ ಹಿಡಿದಿರುತ್ತದೆ. ಡಿಕ್ಕಿಯ ಹೊಡೆತಕ್ಕೆ ಗುಂಡು ಹಿಡಿತ ಬಿಟ್ಟು ಮೇಲೇರಿ ಕಾಂಟ್ಯಾಕ್ಟ್ ಬಿಡಿಸುತ್ತದೆ. ಮೇಲಿನ ಗುಂಡಿ ಒತ್ತಿದರೆ ಮತ್ತೆ ಕೂಡುತ್ತದೆ. ಇದನ್ನು ರಿಲೇಯ ಕಾಯಿಲಿಗಿಂತ ಪಂಪಿನ ದಪ್ಪ ವೈರಿನಲ್ಲೇ ಸೇರಿಸುವುದು ಒಳ್ಳೆಯದು, ಸ್ವಿಚ್ಚಿಗೆ ಅಷ್ಟು ಆಂಪಿಯರ್ ತಾಳುವ ಶಕ್ತಿ ಇರಬೇಕು, ಅಷ್ಟೆ. ರಿಲೇಯ ಕಾಂಟ್ಯಾಕ್ಟುಗಳು ಬೆಸೆದುಕೊಂಡರೂ ಆಗ ಪಂಪು ನಿಲ್ಲುತ್ತದೆ. ಬಾಡಿಯ ಗಟ್ಟಿ ಭಾಗಕ್ಕೆ, ನೆಟ್ಟಗೆ, ಚಾಲಕನ ಕೈಗೆ ಎಟುಕುವಂತೆ ಬಿಗಿಯಬೇಕು. ಗಾಡಿ ಮೆಲ್ಲಗೆ ಮಗುಚಿದರೆ ಇದು ಬಿಟ್ಟುಕೊಳ್ಳುತ್ತದೆಂಬ ಭರವಸೆ ಇಲ್ಲ. ಎಂಜಿನ್ ನಿಂತದ್ದನ್ನು ಗಮನಿಸುವ ಮೊದಲ ಕಾವಲನ್ನು ಇದಕ್ಕಾಗಿ ಕೈಬಿಡುವಂತಿಲ್ಲ.

ಟ್ಯಾಂಕಿನೊಳಗೆ ಮುಳುಗಿದ ಪಂಪು ಹೊತ್ತಿಕೊಳ್ಳುವುದಿಲ್ಲವೇ ಎಂದು ಹಲವರು ಅಂಜುತ್ತಾರೆ. ಪೆಟ್ರೋಲ್ ಆವಿ ಉರಿಯಲು ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಇರಬೇಕು, ಟ್ಯಾಂಕಿನೊಳಗೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ದಟ್ಟವಾಗಿರುತ್ತದೆ. ಅಪಾಯ ಇರುವುದು ಟ್ಯಾಂಕಿನ ಮುಚ್ಚಳದಲ್ಲಿ ಕೊರೆದ ತೂತಿನ ಬಳಿ, ಅಲ್ಲಿ ಸೋರುವ ಆವಿಗೆ ಸಡಿಲ ಟರ್ಮಿನಲ್ಲಿನ ಕಿಡಿ ತಾಗಿದಾಗ. ಸಾಮಾನ್ಯ ಪಿವಿಸಿ ವೈರು ಪೆಟ್ರೋಲಿನಲ್ಲಿ ಮುಳುಗಿದರೆ ಗಡಸಾಗಿ ಬಿರಿಯುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲಿಗೆಂದೇ ಮಾಡಿದ ವೈರು, ಮುಚ್ಚಳಕ್ಕೆ ಸೀಲ್ ಇರುವ ಕನೆಕ್ಟರ್, ಇವೆರಡಕ್ಕೂ ಬದಲಿ ಇಲ್ಲ.

ಅರ್ಥ್ ವೈರು ಪ್ಲಸ್ ವೈರಿನಷ್ಟೇ ದಪ್ಪವಿರಬೇಕು. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಲಗ್ ಕ್ರಿಂಪ್ ಮಾಡಿ ಬಿಗಿಯಬೇಕು. ನಾಲ್ಕು ಮೀಟರ್ ಉದ್ದದ ಒಂದು ಚದರ ಎಂಎಂ ವೈರಿನಲ್ಲಿ ಹತ್ತು ಆಂಪಿಯರ್ ಹರಿದರೆ ಸುಮಾರು ಮುಕ್ಕಾಲು ವೋಲ್ಟ್ ದಾರಿಯಲ್ಲೇ ಕರಗುತ್ತದೆ, ಎರಡೂವರೆ ಚದರ ಎಂಎಂ ವೈರಿನಲ್ಲಿ ಸುಮಾರು 0.3 ವೋಲ್ಟ್ ಮಾತ್ರ. ವೋಲ್ಟ್ ಇಳಿದರೆ ಪಂಪು ಕೊಡುವ ಪೆಟ್ರೋಲೂ ಇಳಿಯುತ್ತದೆ. ಚೇಸಿಸ್ ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರಾಮೆಟ್ ಬೇಕು. ಸೈಲೆನ್ಸರ್ ಹತ್ತಿರ ವೈರು ಸುಳಿಯಬಾರದು.

ಕೊನೆಗೆ ಪರೀಕ್ಷೆ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಂಡು, ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ ಕಿವಿಗೊಟ್ಟು ಕೇಳಬೇಕು: ಇಸಿಯು ಇರುವ ಗಾಡಿಯಲ್ಲಿ ಪಂಪು ಗುಂಯ್ ಎಂದು ಎರಡು ಸೆಕೆಂಡಿಗೆ ತಣ್ಣಗಾಗಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೂ ಪಂಪಿನ ಟರ್ಮಿನಲ್ಲುಗಳ ಮೇಲೂ ಮಲ್ಟಿಮೀಟರ್ ಹಿಡಿದು ವ್ಯತ್ಯಾಸ ನೋಡಬೇಕು. ಅರ್ಧ ವೋಲ್ಟಿಗಿಂತ ಬಹಳ ಹೆಚ್ಚಿದ್ದರೆ ವೈರು, ಕ್ರಿಂಪ್, ಅರ್ಥ್ ಒಂದೊಂದನ್ನೂ ಮತ್ತೆ ಬಿಚ್ಚಿ ನೋಡಬೇಕು. ಇನರ್ಷಿಯಾ ಸ್ವಿಚ್ಚನ್ನು ವೈರು ಬಿಡಿಸದೆ ಬಾಡಿಯಿಂದ ಕಳಚಿ ಅಂಗೈಗೆ ಜೋರಾಗಿ ಬಡಿದರೆ ಗುಂಡಿ ಚಿಮ್ಮಿ, ಓಡುತ್ತಿರುವ ಎಂಜಿನ್ ತುಸು ಹೊತ್ತಿಗೆ ಪೆಟ್ರೋಲಿಲ್ಲದೆ ಬಂದ್ ಆಗಬೇಕು.