ಕ್ಯಾಮೆರಾ ಹಿಡಿಯೋದು ಕಲಿಸ್ತಾರೆ, ಆಮೇಲೆ?

ಚರ್ಚಿನ ಕೆಲಸ ಮಾಡುವವರಿಗೆ ಟಿವಿ, ಯೂಟ್ಯೂಬ್, ವಾಟ್ಸಾಪ್ ಬಳಸುವುದು ಹೇಗೆ ಅಂತ ಹೇಳಿಕೊಡುವ ಶಿಬಿರಗಳು ನಮ್ಮ ಕರಾವಳಿಗೆ ಈಗ ಹೊಸತೇನಲ್ಲ. ಪಾದ್ರಿಗಳು, ಸಿಸ್ಟರ್‌ಗಳು, ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವ ಟೀಚರುಗಳು, ಯುವಜನ ಸಂಘದ ಹುಡುಗರು ಒಂದೆರಡು ದಿನ ಕೂತು ಕಲೀತಾರೆ. ಬೆಳಕು ಯಾವ ಕಡೆಯಿಂದ ಬೀಳಬೇಕು, ಕಾಲರ್ ಮೈಕ್ ಎಲ್ಲಿ ಸಿಕ್ಕಿಸಬೇಕು, ಥಂಬ್‌ನೇಲ್‌ನಲ್ಲಿ ಅಕ್ಷರ ಎಷ್ಟು ದಪ್ಪ ಇರಬೇಕು. ಇದೆಲ್ಲ ಬೇಕಾದದ್ದೇ. ಮೈಕ್ ಕೈಕೊಟ್ಟರೆ ಎಂಥ ಒಳ್ಳೆಯ ಪ್ರವಚನವೂ ನೀರುಪಾಲು. ನನ್ನ ತಕರಾರು ಬೇರೆ ಉಂಟು. ಹೇಗೆ ಮಾತಾಡಬೇಕು ಅಂತ ಕಲಿಸ್ತಾರೆ, ಯಾರ ಹತ್ತಿರ ಮಾತಾಡ್ತಾ ಇದ್ದೇವೆ ಅನ್ನೋದು ಪಾಠದಲ್ಲೇ ಇರುವುದಿಲ್ಲ.

ಇಂಥ ತರಬೇತಿ ಬೇಕು ಅಂತ ಹೇಳಿದ್ದು ಇವತ್ತಿನವರಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ‘ಇಂಟರ್ ಮಿರಿಫಿಕಾ’ದಲ್ಲೇ ಪಾದ್ರಿಗಳಿಗೂ ಗೃಹಸ್ಥರಿಗೂ ಮಾಧ್ಯಮದ ತರಬೇತಿ ಕೊಡಬೇಕು ಅಂತ ಇತ್ತು. ಆಗ ನಮ್ಮ ದೇಶದಲ್ಲಿ ಟಿವಿ ಅಂದರೆ ದೆಹಲಿಯಲ್ಲಿ ನಡೀತಿದ್ದ ಒಂದು ಸಣ್ಣ ಪ್ರಯೋಗ, ಅಷ್ಟೇ. 1970ರಲ್ಲಿ ಗ್ಯಾಸ್ಟನ್ ರೋಬರ್ಜ್ ಅನ್ನುವ ಜೆಸ್ವಿಟ್ ಪಾದ್ರಿ ಕೋಲ್ಕತ್ತಾದಲ್ಲಿ ‘ಚಿತ್ರಬಾನಿ’ ಶುರು ಮಾಡಿದರು. ಸತ್ಯಜಿತ್ ರಾಯ್ ಬೆಂಬಲವೂ ಅದಕ್ಕಿತ್ತು. ಸಿನಿಮಾವನ್ನು ನೋಡುವುದು ಹೇಗೆ ಅನ್ನುವುದಕ್ಕೂ ಅಲ್ಲಿ ಜಾಗ ಇತ್ತು. ನಮ್ಮ ಎರಡು ದಿನದ ಶಿಬಿರಗಳಲ್ಲಿ ಆ ಭಾಗವೇ ಮಾಯ.

ಅಷ್ಟು ದೂರ ಯಾಕೆ, ಮಂಗಳೂರಿನಲ್ಲೇ ಇದಕ್ಕಿಂತ ಹಳೆಯ ಪಾಠ ಉಂಟಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದ. ಕಲ್ಲಚ್ಚಿನ ಪಾಕ್ಷಿಕ ಅದು, ಕನ್ನಡದ ಮೊದಲ ಪತ್ರಿಕೆ. ಆತ ಬಂದದ್ದು ಧರ್ಮಪ್ರಚಾರಕ್ಕೇ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಪತ್ರಿಕೆಯಲ್ಲಿ ತುಂಬಿದ್ದು ಏನು? ಊರಿನ ಸುದ್ದಿ, ಕಂಪನಿ ಸರಕಾರದ ನಿಯಮಗಳು, ಪರದೇಶದ ವರ್ತಮಾನ. ಓದುವವನಿಗೆ ಏನು ಬೇಕು ಅಂತ ಮೊದಲು ನೋಡಿದ. ಅದಕ್ಕೇ ಇರಬೇಕು, ಇವತ್ತು ರಾಜ್ಯದ ಎಲ್ಲ ಜಾತಿ ಮತದ ಪತ್ರಕರ್ತರೂ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸ್ತಾರೆ. ಲೈಕ್ ಎಣಿಸುವ ನಮ್ಮ ಕಾಲದ ಯಾವ ಚಾನೆಲ್ಲಿಗೆ ಈ ಭಾಗ್ಯ ಬಂದೀತು, ಹೇಳಿ.

ಈಗ ನಮ್ಮ ನೆರಿಯಕ್ಕೆ ಬನ್ನಿ. ಚಾರ್ಮಾಡಿ ಘಾಟಿಯ ಬುಡದ ಊರು. ಕೇರಳದಿಂದ ಬಂದು ರಬ್ಬರ್, ಕಾಳುಮೆಣಸು ಮಾಡಿದ ಸೀರೋ ಮಲಬಾರ್ ಕುಟುಂಬಗಳು ಇಲ್ಲಿ ಬೇಕಾದಷ್ಟು. 1999ರಲ್ಲಿ ತಲಶ್ಶೇರಿಯಿಂದ ಬೇರೆಯಾಗಿ ಬೆಳ್ತಂಗಡಿ ಧರ್ಮಪ್ರಾಂತ್ಯ ಆದದ್ದು ಇಂಥ ಕುಟುಂಬಗಳಿಂದಲೇ. ಅವರ ಮನೆಯೊಳಗೆ ಮಲಯಾಳ, ಪೇಟೆಗೆ ಇಳಿದರೆ ತುಳು, ಶಾಲೆಯಲ್ಲಿ ಕನ್ನಡ. ಮಂಗಳೂರು ಕಡೆಯ ಕಥೋಲಿಕರದ್ದು ಕೊಂಕಣಿ. 1938ರಿಂದ ಬರುತ್ತಿರುವ ಅವರ ‘ರಾಕ್ಣೊ’ ವಾರಪತ್ರಿಕೆಯ ಭಾಷೆ ಕೊಂಕಣಿ, ಅಕ್ಷರ ಕನ್ನಡ. ಮೇಲೆ ಕಾಡಿನಲ್ಲಿ ಬಾಂಜಾರುಮಲೆಯ ಮಲೆಕುಡಿಯರು. ಇಷ್ಟು ನಾಲಗೆಗಳ ಊರಿನಲ್ಲಿ ಶಾಲೋಮ್ ಟಿವಿ, ಗುಡ್‌ನೆಸ್ ಟಿವಿ ಹಾಕಿದರೆ ಮಲಯಾಳದಲ್ಲಿ ಪ್ರಾರ್ಥನೆ ಬರ್ತದೆ. ವಯಸ್ಸಾದ ಅಮ್ಮಚ್ಚಿಗೆ ಅದು ನೆಮ್ಮದಿ, ಅದನ್ನು ತಪ್ಪು ಅನ್ನಲಾರೆ. ಆದರೆ ಅದೇ ಧಾಟಿಯಲ್ಲಿ, ಅದೇ ಹಿನ್ನೆಲೆ ಸಂಗೀತ ಹಾಕಿ ಇಲ್ಲಿಯ ಹುಡುಗ ವಿಡಿಯೋ ಮಾಡಿದರೆ ಅದನ್ನು ಯಾರು ನೋಡಬೇಕು? ಮೊದಲೇ ಒಳಗೆ ಇರುವವರೇ ನೋಡ್ತಾರೆ. ಹೊರಗಿನವರನ್ನು ತಲುಪುವ ಕೆಲಸ ಅಂತ ಅದಕ್ಕೆ ಹೆಸರು ಬೇರೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪದ್ಧತಿ ಉಂಟು. ಸರ್ವರ್‌ನಿಂದ ಡೇಟಾ ಕಳಿಸಿದರೆ ಆ ಕಡೆಯಿಂದ ‘ಸಿಕ್ಕಿತು’ ಅಂತ ಒಂದು ಚಿಕ್ಕ ಉತ್ತರ ಬರಬೇಕು, ಬರದಿದ್ದರೆ ಪುನಃ ಕಳಿಸ್ತದೆ. ಟಿವಿಗೆ ಈ ಗೋಜಿಲ್ಲ, ಬಿಸಾಡಿದರೆ ಮುಗೀತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಇಗರ್ಜಿಗಳ ಬಾಗಿಲು ಹಾಕಿದಾಗ, ಏಪ್ರಿಲ್ 12ರ ಈಸ್ಟರ್ ಪೂಜೆಯನ್ನು ಜನ ಮನೆಯಲ್ಲೇ ಮೊಬೈಲಿನಲ್ಲಿ ನೋಡಿದರು. ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ. ಆಮೇಲೆ ಬಾಗಿಲು ತೆರೆಯಿತು, ಸ್ಟ್ಯಾಂಡಿನ ಮೇಲಿನ ಮೊಬೈಲು ಮಾತ್ರ ಅಲ್ಲೇ ಉಳಿಯಿತು. ಲೈವ್ ಹೋಯ್ತಾ? ಹೋಯ್ತು. ಹಾಗಾದರೆ ಕೆಲಸ ಆಯ್ತು. ಕೆಳಗೆ ಕಮೆಂಟಿನಲ್ಲಿ ಒಬ್ಬ ಅಜ್ಜಿ ಏನೋ ಕೇಳಿದ್ದರೆ ಅದಕ್ಕೆ ಉತ್ತರ ಬರೆಯುವ ಜವಾಬ್ದಾರಿ ಯಾರದ್ದೂ ಅಲ್ಲ ಮಾರಾಯ್ರೆ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ನಮ್ಮ ಜಿಲ್ಲೆಯಲ್ಲಿ ಚರ್ಚಿನವರು ಕ್ಯಾಮೆರಾ ಹಿಡಿಯುವುದು ಕೇರಳದಲ್ಲಿ ಹಿಡಿದ ಹಾಗಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಇಲ್ಲಿ ಚರ್ಚುಗಳ ಮೇಲೆ ದಾಳಿ ಆಗಿದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಹತ್ತು ನಿಮಿಷದ ವಿಡಿಯೋದಿಂದ ಹದಿನೈದು ಸೆಕೆಂಡ್ ಕತ್ತರಿಸಿ, ಮೇಲೊಂದು ಸಾಲು ಬರೆದು ಬಿಟ್ಟರೆ ಸಾಕು, ಸಂಜೆಯೊಳಗೆ ಅದು ಬೇರೆಯೇ ಕಥೆ. ಪೆಟ್ಟು ಬೀಳುವುದು ವಿಡಿಯೋ ಮಾಡಿದವನಿಗಲ್ಲ, ಅದರಲ್ಲಿ ಕಂಡ ಬಡಪಾಯಿಗೆ. ಆ ರೋಗಿಯನ್ನು ಮುಖ ತೋರಿಸಬಹುದಾ ಅಂತ ಕೇಳಿದ್ರಾ? ಏನಕ್ಕೆ ಒಪ್ಪಿದ್ದು ಅಂತ ಅವರಿಗೆ ಗೊತ್ತುಂಟಾ? ಅಕ್ಕಿ ಕಿಟ್ ಕೊಡುವಾಗ ಫೋಟೋ ಯಾಕೆ? ಕಾಲರ್ ಮೈಕಿಗೆ ಒಂದು ಗಂಟೆ ಕೊಡುವವರು ಇದಕ್ಕೆ ಅರ್ಧ ದಿನವಾದರೂ ಕೊಡಬೇಕು.

2019ರ ಆಗಸ್ಟಿನ ನೆರೆ ನೆನಪಿಸಿಕೊಳ್ಳಿ. ಚಾರ್ಮಾಡಿ, ನೆರಿಯದ ಕಡೆ ಗುಡ್ಡ ಜರಿದು ಹೊಳೆ ತೋಟಕ್ಕೆ ನುಗ್ಗಿದಾಗ ಊರಿಗೆ ಬೇಕಿದ್ದದ್ದು ಎರಡೇ ವಿಷಯ: ಯಾವ ಸೇತುವೆ ದಾಟಬಹುದು, ರಾತ್ರಿ ಎಲ್ಲಿ ಮಲಗಬಹುದು. ನಮ್ಮ ಮೊಬೈಲಿಗೆ ಬರ್ತಾ ಇದ್ದದ್ದು ಎಲ್ಲಿಯದೋ ಹಳೆಯ ವಿಡಿಯೋಗಳು. ಶಿಬಿರದಲ್ಲಿ ಕಲಿತ ಒಬ್ಬ ಹುಡುಗ ಅಂಥ ದಿನ ಸುದ್ದಿಯನ್ನು ಖಾತ್ರಿ ಮಾಡಿಕೊಂಡು, ತುಳುವಿನಲ್ಲಿ ಎರಡು ನಿಮಿಷ ಮಾತಾಡಿ ಊರಿನ ಗ್ರೂಪಿಗೆ ಹಾಕಿದರೆ, ಹಿಂದೂ, ಬ್ಯಾರಿ, ಕ್ರಿಶ್ಚಿಯನ್ ಅಂತಿಲ್ಲದೆ ಎಲ್ಲರೂ ಕೇಳ್ತಾರೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ‘ರೇಡಿಯೋ ಸಾರಂಗ್’ 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೆ ಕೇಳಿಸ್ತದೆ. ಮಾದರಿ ಬೇಕಾದರೆ ಜಿಲ್ಲೆಯೊಳಗೇ ಉಂಟು. ಅದರ ತರಂಗ ಘಟ್ಟದ ಬುಡಕ್ಕೆ ಮುಟ್ಟುವುದಿಲ್ಲ, ಆ ಮಾತು ಬೇರೆ. ಬಾಂಜಾರುಮಲೆಗಂತೂ ನಡೆದುಕೊಂಡೇ ಹೋಗಿ ಹೇಳಬೇಕು, ಅದನ್ನೂ ಪಾಠದಲ್ಲಿ ಸೇರಿಸಲಿ.